ಊರು ಮುಟ್ಟಿದ ಮೇಲೆ ಬಿಸಿಯಾಗುವ ಹೀಟರ್

ನನಗೆ ಸಿಟ್ಟು ಬೇಗ ಬರುವುದಿಲ್ಲ ಎಂದು ನಾನು ಹೇಳಿಕೊಳ್ಳುತ್ತೇನೆ. ನನ್ನ ಹೆಂಡತಿ ಶಾಂತಾ ಇದನ್ನು ಒಪ್ಪುವುದಿಲ್ಲ. ಆದರೆ ನನ್ನ ಪಿಕಪ್ಪಿನ ಹೀಟರಿನ ವಿಷಯದಲ್ಲಿ ನನಗೆ ಬಂದ ಸಿಟ್ಟು ನ್ಯಾಯವಾದದ್ದೆಂದು ಅವಳೂ ಒಪ್ಪಿದ್ದಾಳೆ.

ಬಸವಕಲ್ಯಾಣದಲ್ಲಿ ನನ್ನದು ದನದ ಹಿಂಡಿಯ ಅಂಗಡಿ. ಮಿಲಿಟರಿಯವರು ಹರಾಜಿಗಿಟ್ಟ ಆ ಪಿಕಪ್ಪನ್ನು ಮೂಟೆ ಸಾಗಿಸಲೆಂದು ಕೊಂಡಿದ್ದೆ. ಯಾವುದೋ ಹಿಮದ ದೇಶದಲ್ಲಿ ಹುಟ್ಟಿದ ಗಾಡಿ. ಅದರೊಳಗೆ ಹೀಟರ್ ಇತ್ತು. "ಗಾಡಿಯೊಳಗ ಒಲಿ ಅದ ಅಂತಲ್ರಿ?" ಎಂದು ಕೇಳಿ ನಗುವುದು ಊರಿನವರಿಗೆ ಅಭ್ಯಾಸವಾಗಿತ್ತು. ನಮ್ಮ ಕಡೆಯ ಬಿಸಿಲನ್ನು ಎಲ್ಲರೂ ಬಲ್ಲರು, ಚಳಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಪುಷ್ಯ ಮಾಸದ ಬೆಳಗ್ಗೆ ಹುಮನಾಬಾದ್ ರಸ್ತೆಯಲ್ಲಿ ಸ್ಟೇರಿಂಗ್ ಹಿಡಿದವನಿಗೆ ಮಾತ್ರ ಗೊತ್ತು, ತನ್ನ ಬೆರಳುಗಳು ತನ್ನವಲ್ಲ ಅನ್ನಿಸುವುದು ಹೇಗೆಂದು. ನಾನು ಹೀಟರ್ ಹಾಕಿ ಹೊರಟರೆ ಅದು ದಾರಿಯುದ್ದಕ್ಕೂ ತಣ್ಣನೆಯ ಗಾಳಿಯನ್ನೇ ಊದಿ, ಹುಮನಾಬಾದಿನ ಅಡತಿ ಅಂಗಡಿ ಮುಂದೆ ನಾನು ಇಳಿಯುವ ಹೊತ್ತಿಗೆ ಸರಿಯಾಗಿ ಬೆಚ್ಚಗಾಗುತ್ತಿತ್ತು. ಇದಕ್ಕಿಂತ ಅವಮಾನ ಬೇಕೆ?

ಆದರೂ ಸಹಿಸಿಕೊಂಡಿದ್ದೆ. ಅಷ್ಟರಲ್ಲಿ ಶಾಂತಾ ಕೋಳಿ ಸಾಕುವ ನಿರ್ಧಾರ ಮಾಡಿದಳು. ತನ್ನ ಬಳೆ ಮಾರಿ ಹಿತ್ತಲಲ್ಲಿ ಗೂಡು ಕಟ್ಟಿಸಿ, ಹೈದರಾಬಾದಿನಿಂದ ಆಗತಾನೆ ಮೊಟ್ಟೆಯೊಡೆದ ಮರಿಗಳನ್ನು ತರಿಸಲು ಹೇಳಿ ಕಳಿಸಿದಳು. ಮರಿಗಳು ಬೆಳಗಿನ ಬಸ್ಸಿಗೆ ಹುಮನಾಬಾದಿಗೆ ಬರುತ್ತವೆ, ಅಲ್ಲಿಂದ ನಾವು ತರಬೇಕು. ಅಂಥ ಮರಿಗಳಿಗೆ ಚಳಿ ತಾಗಿದರೆ ಒಂದರ ಮೇಲೊಂದು ಬಿದ್ದು ಸಾಯುತ್ತವೆ.

"ಹೀಟರ್ ಅದ, ಹೀಟರ್ ಅದ ಅಂತ ಊರತುಂಬ ಹೇಳ್ಕೊಂತ ತಿರುಗ್ತೀರಿ. ಈಗರ ನಿಮ್ಮ ಹೀಟರ್ ಏನು ಮಾಡ್ತದ ತೋರಸ್ರಿ," ಎಂದಳು.

ತೋರಿಸಲೇಬೇಕಾಯಿತು. ಹೀಟರೆಂದರೆ ದೊಡ್ಡ ವಿದ್ಯೆಯಲ್ಲ. ಎಂಜಿನ್ನಿನ ಬಿಸಿನೀರು ಕಾಲ ಬಳಿಯ ಒಂದು ಡಬ್ಬಿಯೊಳಗೆ ಹಾಯ್ದು ಹೋಗುತ್ತದೆ, ಪಂಖ ಅದರ ಬಿಸಿಯನ್ನು ಒಳಗೆ ಊದುತ್ತದೆ. ನೀರು ಕಡಿಮೆಯಿದೆಯೆಂದು ತುಂಬಿದೆ. ಕೊಳವೆಯಲ್ಲಿ ಗಾಳಿ ಸಿಕ್ಕಿರಬಹುದೆಂದು ಕೋಟೆ ಕಡೆಯ ಏರಿನಲ್ಲಿ ಗಾಡಿಯ ಮೂತಿ ಮೇಲೆ ಮಾಡಿ ನಿಲ್ಲಿಸಿ, ರೇಡಿಯೇಟರಿನ ಮುಚ್ಚಳ ತೆಗೆದು, ಗುಳ್ಳೆ ನಿಲ್ಲುವವರೆಗೂ ಎಂಜಿನ್ ಓಡಿಸಿದೆ. ಕೊಳವೆ ಬಿಚ್ಚಿ ತೊಳೆದೆ. ಕೆಮ್ಮಣ್ಣು ಕಲಸಿದಂಥ ನೀರು ಬಂತು. ಹೀಟರಿನ ಬುದ್ಧಿ ಮಾತ್ರ ಬದಲಾಗಲಿಲ್ಲ.

ಕಡೆಗೆ ಒಂದು ಬೆಳಗ್ಗೆ ಗಾಡಿ ಚಾಲೂ ಮಾಡಿದ ಕೂಡಲೇ ಎಂಜಿನ್ನಿನಿಂದ ರೇಡಿಯೇಟರಿಗೆ ಹೋಗುವ ಮೇಲಿನ ಕೊಳವೆ ಮುಟ್ಟಿ ನೋಡಿದೆ. ಆಗಲೇ ನೀರು ಹರಿಯುತ್ತಿತ್ತು. ಎಂಜಿನ್ ಕಾಯುವವರೆಗೆ ನೀರು ತಣಿಸುವ ಆ ದಾರಿ ಮುಚ್ಚಿರಬೇಕು. ಅದಕ್ಕೆಂದೇ ಥರ್ಮೋಸ್ಟಾಟ್ ಎಂಬ ಪುಟ್ಟ ಹಿತ್ತಾಳೆ ಬಾಗಿಲಿರುತ್ತದೆ. ಬಿಚ್ಚಿ ನೋಡಿದರೆ ಬಾಗಿಲೇ ಇಲ್ಲ!

ನೇರ ಹುಮನಾಬಾದಿಗೆ ಹೋಗಿ, ಗಾಡಿ ರಿಪೇರಿ ಮಾಡುತ್ತಿದ್ದ ಯೂಸುಫ್ ಮಿಯಾನನ್ನು ಹಿಡಿದೆ.

"ಹೌದ್ರಿ ಸಾವ್ಕಾರ್ರೆ, ನಾನೇ ತೆಗದೀನಿ," ಎಂದ ಆತ, ಶಾಲು ಹೊದಿಸಲೆಂದು ಕಾದವನಂತೆ. "ಅದು ಥಂಡಿ ದೇಶದ ಚೀಜು. ನಮ್ಮ ಬಿಸಲಿಗೆ ಎಂಜಿನ್ ಉಕ್ತದ. ಎಲ್ಲಾ ಗಾಡ್ಯಾಗಿಂದೂ ತೆಗೀತೀನಿ. ಪೈಸಾ ಸೈತ ತಗೊಂಡಿಲ್ಲ."

"ನನಗ ಒಂದ್ ಮಾತು ಕೇಳ್ಬೇಕಿಲ್ಲೇನಪಾ?"

"ಒಳ್ಳೇದು ಮಾಡಾಕ ಯಾಕ ಕೇಳ್ಬೇಕ್ರಿ?"

ನೋಡಿ, ಇಂಥವರು! ಕಳ್ಳತನ ಮಾಡಿದವನನ್ನು ಬೈಯಬಹುದು. ಉಪಕಾರ ಮಾಡಿದವನನ್ನು ಏನೆಂದು ಬೈಯುವುದು? ತೆಗೆದದ್ದು ಎಲ್ಲಿದೆಯೆಂದರೆ ಗುಜರಿಗೆ ಹೋಗಿದೆಯಂತೆ. ನಾನು ಕೂಗಾಡಿದೆ. ಚಹಾ ಕುಡಿಯುತ್ತಿದ್ದ ಲಾರಿ ಡ್ರೈವರುಗಳು ಆತನ ಪರ ನಿಂತರು. ಕೊನೆಗೆ ನಾನೇ ಅಲ್ಲಿದ್ದ ಗೋಣಿಚೀಲ ಕಿತ್ತುಕೊಂಡು ರೇಡಿಯೇಟರಿನ ಮುಂದೆ ಕಟ್ಟಿದೆ, ತಣ್ಣನೆ ಗಾಳಿ ತಾಗದಿದ್ದರೆ ನೀರಾದರೂ ಬೇಗ ಕಾಯಲೆಂದು. ಊರಿಗೆ ಮರಳುವಾಗ ರಾಜೇಶ್ವರ ಬರುವ ಮೊದಲೇ ಕಾಲಿಗೆ ಬಿಸಿ ತಾಗಿತು. ಒಬ್ಬನೇ ಜೋರಾಗಿ ನಕ್ಕೆ.

ಮರಿಗಳು ಬಂದ ದಿನ ಬಸ್ಸಿನ ಬಳಿ ಶಾಂತಾ ರಟ್ಟಿನ ಪೆಟ್ಟಿಗೆಯ ತೂತಿನಲ್ಲಿ ಕಣ್ಣಿಟ್ಟು, "ಜೀವ ಅದರಿ ಎಲ್ಲಾಕ್ಕೂ," ಎಂದಳು. ಪೆಟ್ಟಿಗೆಗಳನ್ನು ಸೀಟಿನ ಮೇಲೆ, ತನ್ನ ಕಾಲ ಬಳಿ, ತೊಡೆಯ ಮೇಲೆ ಇಟ್ಟುಕೊಂಡಳು. ಹೀಟರ್ ಮಾನ ಉಳಿಸಿತು. ಉಳಿಸಿದ್ದು ಅತಿಯಾಯಿತು: ಸಸ್ತಾಪುರ ಬಂಗ್ಲಾದ ಹತ್ತಿರ ಮರಿಗಳು ಕೊಕ್ಕು ತೆರೆದು ಏದುಸಿರು ಬಿಡತೊಡಗಿದವು. ಹೀಟರ್ ಆರಿಸಲು ಹೋದರೆ ಅದಕ್ಕೆ ಬಿಸಿನೀರು ಬಿಡುವ ನಲ್ಲಿ ತುಕ್ಕು ಹಿಡಿದು ತಿರುಗಲೊಲ್ಲದು! ನನ್ನ ಕಡೆಯ ಕಿಟಕಿ ಇಳಿಸಿದೆ. ಮರಿಗಳಿಗೆ ಹಿತವಾಯಿತು. ನನ್ನ ಬಲಗಿವಿ ಮರಗಟ್ಟಿತು.

ಮನೆ ಮುಟ್ಟಿದರೆ ಕರೆಂಟಿಲ್ಲ. ಗೂಡಿನಲ್ಲಿ ಕಾವು ಕೊಡಬೇಕಾದ ಬಲ್ಬುಗಳು ಸುಮ್ಮನೆ ನೇತಾಡುತ್ತಿದ್ದವು. ಶಾಂತಾ ಬಲ್ಬು ನೋಡಿದಳು, ಗಾಡಿ ನೋಡಿದಳು.

"ಎಂಜಿನ್ ಬಂದ್ ಮಾಡಬ್ಯಾಡ್ರಿ," ಎಂದಳು.

ಕಿಟಕಿಗಳನ್ನು ಅಷ್ಟಿಷ್ಟು ತೆರೆದು, ಪೆಟ್ಟಿಗೆಗಳ ಮುಚ್ಚಳ ಸರಿಸಿ, ಅವಳು ಮರಿಗಳ ನಡುವೆ ಮಹಾರಾಣಿಯಂತೆ ಕುಳಿತಳು. ನನಗೆ ಒಳಗೆ ಜಾಗವಿರಲಿಲ್ಲ. ಕರೆಂಟು ಬರುವವರೆಗೂ ನನ್ನ ದುಬಾರಿ ಪೆಟ್ರೋಲು ಕೋಳಿಮರಿಗಳಿಗಾಗಿ ಉರಿಯಿತು. ಒಂದೂ ಸಾಯಲಿಲ್ಲ.

ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ನಿಂತು ಕೇಳಿದರು: "ಯಾಕ್ರಿ, ಗಾಡಿ ಚಾಲೂ ಅದ, ನೀವು ಹೊರಗ ಬಿಸಲು ಕಾಯಸಾಕತ್ತೀರಿ?"

"ಹೀಟರ್ ರಿಪೇರಿ ಆಗ್ಯದರಿ," ಎಂದೆ.