ಗೆರೆಯ ಹಿಂದೆ ಹಿಮ್ಮಡಿ

ನಮ್ಮ ಕಾಕಾನ ಬಲಗಾಲಿನ ಬೂಟಿಗೆ ಮೂಗು ಇರಲಿಲ್ಲ. ಎಡಗಾಲಿನದು ಅಂಗಡಿಯಿಂದ ತಂದ ಹಾಗೇ ಇರುತ್ತಿತ್ತು. ಬಲಗಾಲಿನದು ಮಾತ್ರ ಹೆಬ್ಬೆರಳ ಹತ್ತಿರ ಸವೆದು ತೂತಾಗಿ, ಮೇಲೆ ಅಂಟಿಸಿದ ಟೈರಿನ ತುಂಡೂ ಸವೆದು, ಒಳಗಿನ ಕಾಲುಚೀಲ ಇಣುಕುತ್ತಿತ್ತು. ಹರೆಯದಲ್ಲಿ ವರ್ಷಗಟ್ಟಲೆ ಕ್ರಿಕೆಟ್ಟಿನಲ್ಲಿ ವೇಗದ ಬೌಲಿಂಗ್ ಮಾಡಿದವರು. ಚೆಂಡು ಬಿಡುವಾಗ ಹಿಂದಿನ ಕಾಲು ನೆಲ ಉಜ್ಜಿಕೊಂಡು ಬರುತ್ತದೆ. ಆಟ ಬಿಟ್ಟ ಮೇಲೂ ಆ ಕಾಲು ಉಜ್ಜುವುದನ್ನು ಬಿಡಲಿಲ್ಲ. ಮೆಟ್ಟಿಲ ಮೇಲೆ ಒಂದು ಟಪ್, ಒಂದು ಸರ್ರ್ ಕೇಳಿತೆಂದರೆ ನಾನು ಚಹಾದ ಪಾತ್ರೆಗೆ ಇನ್ನೊಂದು ಲೋಟ ನೀರು ಹಾಕುತ್ತಿದ್ದೆ.

ಕಾಕಾ ಎಂದರೆ ನನ್ನ ಗಂಡನ ಚಿಕ್ಕಪ್ಪ. ವಿಜಯಪುರದ ಕಡೆಯವರು. ಮರಾಠಿ ಸೀಮೆಯ ಭೋಸರಿಯ ಕಾರ್ಖಾನೆಯೊಂದರಲ್ಲಿ ಕಾರಕೂನರಾಗಿದ್ದು ನಿವೃತ್ತರಾದ ಮೇಲೆ, ಹಡಪಸರದ ನಮ್ಮ ಬಿಲ್ಡಿಂಗಿನಲ್ಲೇ ಕೆಳಗಿನ ಮನೆಯಲ್ಲಿ ಒಬ್ಬರೇ ಇದ್ದರು. ಊಟ ನಮ್ಮಲ್ಲಿ. ಜೋಳದ ರೊಟ್ಟಿ ತೆಳ್ಳಗಿರಬೇಕು. ಬೆಳಕಿಗೆ ಹಿಡಿದು ನೋಡಿ, “ಇದ್ರಾಗಿಂದ ಪೇಪರ್ ಓದಬಹುದು ನೋಡವ್ವಾ” ಎಂದರೆ ಅದು ಅವರ ಹೊಗಳಿಕೆ. ದಪ್ಪಗಿದ್ದರೆ ಏನೂ ಅನ್ನುತ್ತಿರಲಿಲ್ಲ, ಸುಮ್ಮನೆ ತಿನ್ನುತ್ತಿದ್ದರು. ಆ ಸುಮ್ಮನಿರುವಿಕೆ ನನಗೆ ಚೆನ್ನಾಗಿ ಕೇಳಿಸುತ್ತಿತ್ತು.

ಅವರ ಬೌಲಿಂಗ್ ನನ್ನ ಮಗಳಿಗೆ ಬಂದಿತ್ತು. ಓಟವೂ ಅದೇ, ಕೈಯೂ ಅದೇ. ಆದರೆ ಅವಳಿಗೊಂದು ರೋಗವಿತ್ತು: ಸಿಟ್ಟು ಬಂದಾಗ ಮುಂದಿನ ಕಾಲು ಗೆರೆ ದಾಟಿಬಿಡುತ್ತಿತ್ತು. ಹಿಮ್ಮಡಿ ಸ್ವಲ್ಪವಾದರೂ ಗೆರೆಯ ಹಿಂದೆ ಇರಬೇಕು, ಇಲ್ಲದಿದ್ದರೆ ನೋಬಾಲ್. ಕಾಕಾ ನಮ್ಮ ಮನೆಯ ಮುಂದಿನ ಪ್ಯಾಸೇಜಿನಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು ಅವಳನ್ನು ಸಂಜೆಯೆಲ್ಲ ಓಡಿಸುತ್ತಿದ್ದರು, ಚೆಂಡಿಲ್ಲದೆ.

“ಚೆಂಡ ಇಲ್ದ ಎಂಥಾ ಬೌಲಿಂಗ ಅಜ್ಜಾ?”

“ಬಿದ್ದದ್ದು ಆಮ್ಯಾಲೆ ನೋಡು ಅವ್ವಿ. ನಿಂತದ್ದು ಮೊದಲ ನೋಡು.”

ಈ ಮಾತನ್ನು ಅವರು ಹಾಲಿನವನಿಗೂ ಹೇಳುತ್ತಿದ್ದರು.

ಪ್ಯಾಸೇಜಿನಿಂದ ಗುಣವಾಗದಿದ್ದಾಗ ಒಂದು ದಿನ ನಮ್ಮಿಬ್ಬರನ್ನೂ ಮಗರಪಟ್ಟಾ ಕಡೆಯ ಮಾಲ್‌ಗೆ ಕರೆದುಕೊಂಡು ಹೋದರು. ಅಲ್ಲಿ ಎಣ್ಣೆ ಸವರಿದ ಉದ್ದನೆಯ ಮರದ ಹಾದಿಯ ಮೇಲೆ ಭಾರದ ಗುಂಡು ಉರುಳಿಸಿ, ತುದಿಯಲ್ಲಿ ನಿಲ್ಲಿಸಿದ ಹತ್ತು ಪಿನ್ನು ಬೀಳಿಸುವ ಬೌಲಿಂಗ್ ಆಟವಿದೆ. ಬೂಟು ಅವರೇ ಕೊಡುತ್ತಾರೆ. ಕಾಕಾ ತಮ್ಮ ಮೂಗಿಲ್ಲದ ಬೂಟು ಕಳಚಿ ಕೌಂಟರಿನ ಮೇಲಿಟ್ಟಾಗ ಅಲ್ಲಿದ್ದ ಹುಡುಗಿ ಅದನ್ನು ಎರಡು ಬೆರಳಲ್ಲಿ ಎತ್ತಿಕೊಂಡಳು. “ಮಂದಿ ಬೂಟು ಹಾಕ್ಕೊಂಡು ಆಡೂ ಆಟ” ಎಂದು ಕಾಕಾ ಗೊಣಗಿದರು.

ಅಲ್ಲಿಯೂ ಒಂದು ಗೆರೆ ಇದೆ. ಕಾಲು ತಾಗಿದರೆ ಮಷಿನ್ನು ಕೂಗುತ್ತದೆ, ಬಿದ್ದ ಪಿನ್ನು ಲೆಕ್ಕಕ್ಕಿಲ್ಲ. ಗಿರಾಕಿಗಳಿಗೆ ಬೇಜಾರಾಗುತ್ತದೆಂದು ಅದನ್ನು ಬಂದ್ ಮಾಡಿಟ್ಟಿರುತ್ತಾರಂತೆ. ಕಾಕಾ ಹಟ ಹಿಡಿದು ಚಾಲೂ ಮಾಡಿಸಿದರು. “ಇಲ್ಲಿ ಹೆಬ್ಬೆರಳು, ಅಲ್ಲಿ ಹಿಮ್ಮಡಿ. ಗೆರಿ ಗೆರೀನ” ಎಂದರು. ಮಗಳು ಎಸೆದಾಗಲೆಲ್ಲ ಅದು ಕೂಗಿತು. ಅವಳ ಕಿವಿ ಕೆಂಪಾಗುತ್ತಾ ಬಂತು. ನಡುವೆ ನಾನೂ ಸೆರಗು ಸಿಕ್ಕಿಸಿ ಒಂದು ಗುಂಡು ಬಿಟ್ಟೆ. ಹತ್ತೂ ಪಿನ್ನು ಬಿದ್ದವು, ಮಷಿನ್ನೂ ಕೂಗಿತು. ಕಾಕಾ ತಲೆ ಅಲ್ಲಾಡಿಸಿ, “ನಿಂದೂ ಲೆಕ್ಕಕ್ಕಿಲ್ಲವ್ವಾ” ಎಂದರು. ನಾವು ಹೊರಡುವ ಹೊತ್ತಿಗೆ ಮಗಳ ಗುಂಡುಗಳು ಸದ್ದಿಲ್ಲದೆ ಹೋಗುತ್ತಿದ್ದವು. ಪಿನ್ನು ಬೀಳುತ್ತಿರಲಿಲ್ಲ, ಆದರೆ ಕಾಕಾ ಚಪ್ಪಾಳೆ ತಟ್ಟುತ್ತಿದ್ದರು.

ಆ ಚಳಿಗಾಲದಲ್ಲಿ ಜಿಲ್ಲೆಯ ಹುಡುಗಿಯರ ತಂಡದ ಆಯ್ಕೆಗೆಂದು ಭೋಸರಿಯ ಮೈದಾನದಲ್ಲಿ ಪಂದ್ಯ ಇಟ್ಟಿದ್ದರು. ಹಿಂದಿನ ವರ್ಷ ಮಗಳ ಹೆಸರು ಕೊನೆಯಲ್ಲಿ ಬಿಟ್ಟುಹೋಗಿತ್ತು. ಈ ಸಲ ಆಯ್ಕೆಯವರು ಶಾಮಿಯಾನದ ಕೆಳಗೆ ಕೂತು ಅವಳನ್ನೇ ನೋಡುತ್ತಿದ್ದಾರೆಂದು ಎಲ್ಲರೂ ಪಿಸುಗುಟ್ಟುತ್ತಿದ್ದರು. ಆದರೆ ಬರಬೇಕಾದ ಇಬ್ಬರು ಅಂಪೈರುಗಳಲ್ಲಿ ಒಬ್ಬರು ಬರಲೇ ಇಲ್ಲ. ಯಾರೋ ಕಾಕಾನತ್ತ ಬೆರಳು ಮಾಡಿದರು. ಕಾರ್ಖಾನೆ ಪಂದ್ಯಗಳಲ್ಲಿ ಅವರು ಅಂಪೈರಾಗಿ ನಿಂತದ್ದನ್ನು ಆ ಕಡೆಯ ಹಳಬರೆಲ್ಲ ಬಲ್ಲರು.

ಎದುರು ತಂಡದ ಕೋಚ್ ಬಾಯಿ ಬಂದು ಮರಾಠಿಯಲ್ಲಿ ಕೇಳಿದರು: “ಆಜೋಬಾ, ಆ ಬೌಲರ್ ನಿಮ್ಮ ಮೊಮ್ಮಗಳಲ್ಲವಾ?”

ಕಾಕಾ ಮರಾಠಿಯಲ್ಲೇ ಹೇಳಿದರು: “ಹೌದು. ನಾನು ಅವಳ ಕಾಲು ನೋಡ್ತೀನಿ. ನೀವು ನನ್ನ ನೋಡ್ರಿ.”

ಆಕೆ ನಗಲಿಲ್ಲ. ಆಗಲಿ ಎಂದು ಹೋಗಿ ಕೂತರು, ಕಣ್ಣು ಮಾತ್ರ ಕಾಕಾನ ಮೇಲಿಂದ ತೆಗೆಯಲಿಲ್ಲ. ನನ್ನ ಗಂಡ ನನ್ನ ಕಿವಿಯಲ್ಲಿ, “ಮನೀ ಮನಷ್ಯಾ ನಿಂತಾನ, ಬಿಡು ಚಿಂತಿ” ಎಂದರು. ನನಗೆ ಚಿಂತೆ ಶುರುವಾದದ್ದೇ ಆಗ.

ಕೊನೆಯ ಓವರು ಮಗಳ ಕೈಗೆ ಬಂತು, ಅದೂ ಕಾಕಾ ನಿಂತ ತುದಿಯಿಂದ. ಎದುರಾಳಿಗಳಿಗೆ ಉಳಿದದ್ದು ಒಂದೇ ವಿಕೆಟ್. ಬೇಕಾದದ್ದು ನಾಲ್ಕೈದು ರನ್ನು. ನಾನು ಚುರುಮುರಿ ಡಬ್ಬಿಯ ಮುಚ್ಚಳ ತೆಗೆದವಳು ಹಾಗೇ ಹಿಡಿದುಕೊಂಡು ನಿಂತಿದ್ದೆ. ಬ್ಯಾಟು ಹಿಡಿದ ಹುಡುಗಿ ಮಗಳಿಗೆ ಏನೋ ಅಂದಳು. ಮಗಳ ಕಿವಿ ಕೆಂಪಾದದ್ದು ಅಷ್ಟು ದೂರದಿಂದಲೂ ನನಗೆ ಕಂಡಿತು. ಕಾಕಾಗೂ ಕಂಡಿರಬೇಕು. ಸೊಂಟ ಬಗ್ಗಿಸಿ, ಕಣ್ಣನ್ನು ಗೆರೆಯ ಮೇಲೆ ನೆಟ್ಟರು.

ಮಗಳು ಓಡಿದಳು. ಮಧ್ಯದ ಸ್ಟಂಪ್ ಕಿತ್ತು ಹಿಂದಕ್ಕೆ ಹಾರಿತು. ಹುಡುಗಿಯರು ಕೂಗುತ್ತಾ ಅವಳ ಕಡೆ ಓಡಿದರು, ನನ್ನ ಗಂಡ ಕುಣಿದರು. ಆದರೆ ಮಗಳು ಕುಣಿಯಲಿಲ್ಲ. ಸ್ಟಂಪ್ ಬೀಳುವ ಮೊದಲೇ ಕಾಕಾನ ಬಲಗೈ ನೋಬಾಲ್ ಎಂದು ಅಡ್ಡಕ್ಕೆ ಚಾಚಿತ್ತು. ಗದ್ದಲ ತಗ್ಗಿದ ಮೇಲೂ ಆ ಕೈ ಇಳಿಯಲಿಲ್ಲ.

ಮುಂದಿನ ಚೆಂಡು ಬೌಂಡರಿ ದಾಟಿತು. ಪಂದ್ಯ ಹೋಯಿತು. ಶಾಮಿಯಾನದ ಕೆಳಗೆ ಓದಿದ ಹೆಸರುಗಳಲ್ಲಿ ಅವಳದು ಇರಲಿಲ್ಲ. ಕಾಕಾ ನಮ್ಮ ಜೊತೆ ರಿಕ್ಷಾ ಹತ್ತಲಿಲ್ಲ, ಬಸ್ಸಿನಲ್ಲಿ ಬರುತ್ತೇನೆಂದರು.

ಸಂಜೆ ಊಟದ ಹೊತ್ತಿಗೆ ಮೆಟ್ಟಿಲ ಮೇಲೆ ಟಪ್, ಸರ್ರ್ ಎಂದಿತು. ಯಾರೂ ತಲೆ ಎತ್ತಲಿಲ್ಲ. ಕಾಕಾ ಹೊಸ್ತಿಲ ಆಚೆಯೇ ನಿಂತರು.

“ಒಳಗ ಬರ್ರಿ ಕಾಕಾ” ಎಂದೆ.

“ನೀ ಕರೀತಿ ಬಿಡವ್ವಾ. ಕರೀಬೇಕಾದೋರು ಕರೀಲಿ.”

ಮಗಳು ತಟ್ಟೆ ನೋಡುತ್ತಲೇ ಕೇಳಿದಳು: “ಎಷ್ಟು ಹೊರಗಿತ್ತಜ್ಜಾ?”

ಕಾಕಾ ಅವಳ ತಟ್ಟೆಯತ್ತ ನೋಡಿದರು. “ಒಂದು ರೊಟ್ಟಿ ದಪ್ಪ.”

ನನ್ನ ಗಂಡ ತುತ್ತು ಕೆಳಗಿಟ್ಟರು. “ಒಂದು ರೊಟ್ಟಿ ದಪ್ಪಕ್ಕ ಹುಡುಗಿ ವರ್ಷ ಹೋತಲ್ಲ ಕಾಕಾ. ಅದೂ ಇಕಿ ಮಾಡಿದ ರೊಟ್ಟಿ. ಯಾರಿಗೆ ಕಾಣ್ತಿತ್ತು ಅದು?”

ಒಲೆಯ ಮೇಲಿನ ಹಂಚು ಹೊಗೆಯಾಡುತ್ತಿತ್ತು. ಇಳಿಸಲು ನನಗೆ ಕೈ ಬರಲಿಲ್ಲ.

“ಎರಡಿತ್ತಪ್ಪಾ” ಎಂದಳು ಮಗಳು. “ಅಜ್ಜಗ ಒಂದ ಕಂಡದ. ನನ್ನ ಹಿಮ್ಮಡಿಗೆ ಗೊತ್ತಾಗಿತ್ತು.” ಆಮೇಲೆ ಸ್ವಲ್ಪ ಸರಿದು ಜಾಗ ಮಾಡಿದಳು. “ಬಾ ಅಜ್ಜಾ. ಆರಿ ಹೊಂಟದ.”

ಕಾಕಾ ಬೂಟು ಕಳಚಲು ಬಗ್ಗಿದರು, ಬಹಳ ಹೊತ್ತು ಬಗ್ಗಿಯೇ ಇದ್ದರು. ಲೇಸಿನ ಗಂಟು ಬಿಚ್ಚಲು ಅಷ್ಟು ಹೊತ್ತು ಬೇಕಾಗಿರಲಿಲ್ಲ.

ಮರುವರ್ಷ ಅವಳ ಹೆಸರು ಓದಿದರು. ಕಾಕಾ ಅದನ್ನು ಕೇಳಿದರು. ಅದಾದ ಮೇಲಿನ ಚಳಿಗಾಲದ ಒಂದು ಬೆಳಿಗ್ಗೆ ಚಹಾ ಕುದಿದು ಇಂಗಿದರೂ ಮೆಟ್ಟಿಲ ಮೇಲೆ ಸದ್ದು ಬರಲಿಲ್ಲ. ಇಳಿದು ಹೋಗಿ ನೋಡಿದೆವು. ಬೂಟು ಬಾಗಿಲ ಹತ್ತಿರ ಜೋಡಿಸಿಟ್ಟ ಹಾಗೇ ಇದ್ದವು. ಅವರು ಮಲಗಿದ್ದಲ್ಲೇ ಹೋಗಿದ್ದರು.

ಮಗಳ ಬಲಗಾಲಿನ ಬೂಟಿಗೂ ಈಗ ಟೈರಿನ ತುಂಡು ಹತ್ತಿದೆ. ನಾನು ದಿನಾ ಬೆಳಿಗ್ಗೆ ಪ್ಯಾಸೇಜು ಒರೆಸುವಾಗ ಕಾಕಾ ಎಳೆದ ಸೀಮೆಸುಣ್ಣದ ಗೆರೆಯ ತನಕ ಬಂದು ನಿಲ್ಲುತ್ತೇನೆ, ಎದ್ದು ಸುತ್ತಿ ಹೋಗಿ ಆಚೆಯಿಂದ ಒರೆಸುತ್ತೇನೆ. ಪಕ್ಕದ ಮನೆಯ ಮರಾಠಿಯವರು, ನಡುವೆ ಒಂದು ಪಟ್ಟಿ ಬಿಟ್ಟಿದ್ದೀರಲ್ಲ ವಹಿನಿ ಎನ್ನುತ್ತಾರೆ. ಹೌದು, ಬಿಟ್ಟಿದ್ದೇನೆ.