ಗೈಡಿನಲ್ಲಿಲ್ಲದ ಮಂಚ

ಗೈಡು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಭಾನುವಾರ ಬಂತೆಂದರೆ ನನ್ನ ನಾದಿನಿ ಪಲ್ಲಡಂನಿಂದ ಮಗಳನ್ನು ಬಸ್ಸು ಹತ್ತಿಸಿಕೊಂಡು ಕೊಯಮತ್ತೂರಿನ ನಮ್ಮ ಮನೆಗೆ, ನನ್ನ ಹತ್ತಿರ ಇಂಗ್ಲಿಷ್ ಪಾಠಕ್ಕೆಂದು, ಬರುತ್ತಿದ್ದಳು, ಕಂಕುಳಲ್ಲಿ ಆ ದಪ್ಪ ಗೈಡು. ಹುಡುಗಿ ಪ್ಲಸ್ ಟೂ. ಇಂಗ್ಲಿಷ್ ಸಾಹಿತ್ಯ ಓದುವ ಆಸೆ. ಇಂಗ್ಲಿಷಿನಲ್ಲಿ ಒಳ್ಳೆ ಮಾರ್ಕು ಬಂದರೆ ಕಾಲೇಜು, ಇಲ್ಲದಿದ್ದರೆ ಮದುವೆ ಎಂದು ಅವಳಪ್ಪ ಮಗ್ಗದ ಶೆಡ್ಡಿನಲ್ಲೇ ನಿಂತು ತೀರ್ಪು ಕೊಟ್ಟಾಗಿತ್ತು.

ಅವತ್ತಿನ ಹೋಮ್‌ವರ್ಕು, ಸತ್ತ ಅಜ್ಜಿಯ ಖಾಲಿ ಕುರ್ಚಿಯ ಮೇಲೊಂದು ಪದ್ಯ. ಅರ್ಥವೇನೆಂದು ತಮಿಳಿನಲ್ಲಿ ಕೇಳಿದರೆ ಹುಡುಗಿ ಕಣ್ಣು ಮುಚ್ಚಿ ಗೈಡಿನ ಉತ್ತರವನ್ನು ಗಡಗಡ ಒಪ್ಪಿಸಿದಳು. ನಾನು ಗೈಡು ಕಿತ್ತೆಸೆದು ಮನೆಮಾತು ಕನ್ನಡದಲ್ಲಿ ಕೇಳಿದೆ. "ನಿಮ್ಮಜ್ಜಿ ಹೋದ್ಮೇಲೆ ಅವ್ರ ಮಂಚ ಏನ್ ಮಾಡುದ್ರಿ?"

"ಅಂಗೇ ಇದೆ ಅತ್ತೆ. ಯಾರೂ ಮಲ್ಗಲ್ಲ. ಬೆಕ್ಕು ಮಲ್ಗುತ್ತೆ, ನಾವು ಓಡ್ಸಲ್ಲ."

"ಅದ್ನೇ ಇಂಗ್ಲಿಷಲ್ಲಿ ಬರಿ."

ಕಾಫಿ ಸೋಸುತ್ತಿದ್ದ ನಾದಿನಿ ಒಳಗಿಂದಲೇ ಸಿಡಿದಳು. "ಅತ್ತಿಗೆ, ಕನ್ನಡ ಅಡುಗೆಮನೆಗೆ, ಓದಿಗೆ ಪಡಿಪ್ಪಿಗೆ ಅಲ್ಲ! ಅವ್ಳ ತಲೆ ಕೆಡಿಸ್ಬೇಡಿ."

"ಮೊದ್ಲು ನಿನ್ ತಲೆ ನೆಟ್ಟಗಿದ್ಯಾ ನೋಡ್ಕೊ," ಅಂದೆ.

ಶಾಲೆಯ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಹುಡುಗಿ ಮಂಚ, ಬೆಕ್ಕು ಎಲ್ಲ ಬರೆದಳು. ಟೀಚರಮ್ಮ ಅಡ್ಡಗೀಟು ಹಾಕಿ ಸೊನ್ನೆ ಕೊಟ್ಟರು. ಬೆಕ್ಕು ಯಾವ ಗೈಡಿನಲ್ಲೂ ಇಲ್ಲವಂತೆ. ಥೂ! ನಾದಿನಿ ಉತ್ತರಪತ್ರಿಕೆಯನ್ನು ನನ್ನ ಮೂಗಿನ ಮುಂದೆ ಆಡಿಸಿದಳು.

"ನಿಮ್ ಬೆಕ್ಕು ನನ್ ಮಗ್ಳ ಕಾಲೇಜ್ ತಿಂದ್ಬಿಡ್ತು. ಸಂತೋಷಾನಾ?"

ನಾನೇನು ಬಿಟ್ಟೆನೆ? ಬೀದಿಗೆಲ್ಲ ಕೇಳುವಂತೆ ಕೂಗಾಡಿದೆ. ಆಗ ಹುಡುಗಿ ಗೈಡು ತಂದು ನನ್ನ ಕೈಗಿಟ್ಟಳು. "ಜಗಳ ಬೇಡ ಅತ್ತೆ. ಗೈಡೇ ಸಾಕು. ನಂಗೆ ಕಾಲೇಜು ಬೇಕು."

ಅಲ್ಲಿಂದ ಕಡೆಯ ಪರೀಕ್ಷೆಯ ತನಕ ಹಲ್ಲು ಕಚ್ಚಿಕೊಂಡು ಗೈಡು ಹಿಡಿದು ಕೂತೆ. ಅವಳು ಒಪ್ಪಿಸುತ್ತಲೇ ಇದ್ದಳು. ಒಂದು ಪದ ಜಾರಿದರೂ ನಾದಿನಿ ಬಾಗಿಲಲ್ಲಿ ನಿಂತು ಕೆಮ್ಮುವಳು.

ಮಾರ್ಕು ಬಂತು, ಕಾಲೇಜೂ ಸಿಕ್ಕಿತು. "ಈಗೇನಂತೀರಿ ಅತ್ತಿಗೆ?" ಎಂದು ನಾದಿನಿ ಲಾಡು ಹಂಚಿದಳು. ನಾನು ಮುಟ್ಟಲಿಲ್ಲ.

ಹೋದ ತಿಂಗಳು ಹುಡುಗಿ ಒಬ್ಬಳೇ ಬಂದಳು. ಕಾಲೇಜಿನಲ್ಲಿ ಮೊದಲ ಅಸೈನ್‌ಮೆಂಟು ಕೊಟ್ಟಿದ್ದರು: ಮನೆಯ ಒಂದು ವಸ್ತುವಿನ ಬಗ್ಗೆ ನಿಮಗನಿಸಿದ್ದನ್ನು ಬರೆಯಿರಿ. ನನಗೆ ಕುಣಿಯುವಷ್ಟು ಖುಷಿಯಾಯಿತು.

"ಮಂಚ ಇದ್ಯಲ್ಲೇ, ಬರಿ!"

ಹುಡುಗಿಯ ಮುಖ ಬಿಳಿಚಿಕೊಂಡಿತು. "ಅಯ್ಯೋ, ಬೇಡ ಅತ್ತೆ. ಇದಕ್ಕೆ ಗೈಡು ಎಲ್ಲಿ ಸಿಗುತ್ತೆ?"