ಒಡಪಿನೊಳಗೆ ಉಳಿದಿದ್ದ ಹೆಸರು

ನಾನು ಓದು ನಿಲ್ಲಿಸಿದ್ದು ೧೯೯೩ರಲ್ಲಿ, ಎಂಟನೇ ತರಗತಿಯ ನಡುವೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಬಾಗಲಕೋಟೆ ಕಡೆಯ ನಮ್ಮೂರಿನಿಂದ ಬೆಂಗಳೂರಿನ ಪೀಣ್ಯಕ್ಕೆ ಬಂದು, ಒಂದು ವರ್ಕ್‌ಶಾಪಿನಲ್ಲಿ ಕಸ ಗುಡಿಸುತ್ತಲೇ ಕಬ್ಬಿಣ ಕಡೆಯುವ ಲೇತಿನ ಕೆಲಸ ಕಲಿತೆ. ಇವತ್ತು ಇಲ್ಲಿ ಯಾವ ಶೆಡ್ಡಿನ ಮುಂದೆ ಹೋಗಿ ನಿಂತರೂ ನನಗೆ ಕೆಲಸ ಉಂಟು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ವಿದ್ಯೆ ಇರುವುದು ಕೈಯಲ್ಲಿ, ತಲೆ ಬರೀ ಹೆಲ್ಮೆಟ್ ಇಡುವ ಜಾಗ ಎಂದು ಜೊತೆಯವರಿಗೆ ಹೇಳುತ್ತಿದ್ದೆ. ತಲೆಯೊಳಗೆ ಏನಿದೆ ಎಂದು ನಾನು ಯೋಚಿಸಿದ್ದು ನನ್ನ ಹೆಂಡತಿಗೆ ಲಕ್ವಾ ಹೊಡೆದ ಮೇಲೆ.

ಆಕೆ ಮಾತಿನ ಮಲ್ಲಿ. ಮಾಕಳಿಯ ನಮ್ಮ ವಠಾರದ ನಲ್ಲಿಯ ಹತ್ತಿರ ತಮಿಳಿನವಳೊಂದಿಗೆ ತಮಿಳಿನಲ್ಲೇ ಜಗಳ ತೆಗೆದು, ಒಳಗೆ ಬಂದು ಇಬ್ಬರ ಪಾತ್ರವನ್ನೂ ತಾನೇ ಮಾಡಿ ತೋರಿಸುವಳು. ನಾನು ಉಣ್ಣುತ್ತಾ ಹೂಂಗುಟ್ಟಬೇಕು. ಒಂದು ಹೂಂ ತಪ್ಪಿದರೆ, "ನಾ ಏನ್ ಗ್ವಾಡಿಗೆ ಹೇಳಾಕತ್ತೀನೇನ್ರೀ?" ಎನ್ನುವಳು.

ಒಂದು ಬೆಳಿಗ್ಗೆ ರೊಟ್ಟಿ ಸೀದ ವಾಸನೆ ಬಂತೆಂದು ಒಳಗೆ ಹೋದೆ. ಆಕೆ ಒಲೆಯ ಪಕ್ಕ ಕುಸಿದು ಕೂತಿದ್ದಳು. ಬಾಯಿ ಸೊಟ್ಟಗಾಗಿತ್ತು, ಬಲಗೈ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಆಸ್ಪತ್ರೆಯಲ್ಲಿ ಜೀವ ಉಳಿಸಿದರು. ಡಾಕ್ಟರು ಸ್ಕ್ಯಾನಿನ ಎಡಗಡೆ ಬೆರಳಿಟ್ಟು, "ಮಾತು ಕಟ್ಟೋ ಜಾಗ ಇದು. ಇಲ್ಲಿಗೆ ರಕ್ತ ಹೋಗಿಲ್ಲ. ನೀವು ಆಡಿದ್ದು ಅವರಿಗೆ ಅರ್ಥ ಆಗುತ್ತೆ, ಆದ್ರೆ ತಿರುಗಿ ಆಡೋಕಾಗಲ್ಲ" ಎಂದರು.

"ಮತ್ತೆ ಬರುತ್ತಾ ಸಾರ್?"

"ಮೊದಲ ಕೆಲವು ತಿಂಗಳಲ್ಲಿ ಎಷ್ಟು ಬರುತ್ತೋ ನೋಡೋಣ."

ಮಾತು ಕಲಿಸಲು ಒಬ್ಬ ಮೇಡಂ ಇದ್ದರು. ವಯಸ್ಸು ಚಿಕ್ಕದು, ತಾಳ್ಮೆ ದೊಡ್ಡದು. ಹಸು, ಬೀಗ, ಬಾಳೆಹಣ್ಣು ಎಂದು ಚಿತ್ರ ತೋರಿಸಿದರೆ ನನ್ನ ಹೆಂಡತಿ ಎಲ್ಲದಕ್ಕೂ "ಅದು… ಅದು…" ಎನ್ನುವಳು. ಕೊನೆಗೆ ಮೇಡಂ ನನ್ನತ್ತ ಕೈ ತೋರಿಸಿ, "ಇವರ ಹೆಸರೇನಮ್ಮ?" ಎಂದರು. ಆಕೆ ನನ್ನನ್ನು ಒಮ್ಮೆ ನೋಡಿ ತಲೆ ತಗ್ಗಿಸಿದಳು. "ಅದು" ಎಂದೂ ಅನ್ನಲಿಲ್ಲ.

ಹಸು ಹೋಗಲಿ, ಬೀಗ ಹೋಗಲಿ, ನಾನೂ ಹೋದೆನಲ್ಲ ಎಂದು ನನ್ನ ಎದೆ ಒಡೆಯಿತು. ಮನೆಯಲ್ಲಿ ದಿನಾ ಶಿಫ್ಟು ಮುಗಿಸಿ ಬಂದು ಎದುರು ಕೂತು, "ಹೇಳು, ನನ್ನ ಹೆಸರೇನು?" ಎಂದು ಶುರು ಮಾಡಿದೆ. ಮೊದಲಕ್ಷರ ನಾನೇ ಹೇಳಿ, ಬಾಯಿ ತೆರೆದು ಕಾಯುವೆ. ಆಕೆ ತುಟಿ ಬಿಗಿದುಕೊಳ್ಳುವಳು. ಒಂದು ದಿನ ಎಡಗೈಯಿಂದ ನನ್ನನ್ನು ತಳ್ಳಿ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ನಾನು ಹೊರಗೆ ಹೋಗಿ ಊರಿನಲ್ಲಿರುವ ನಮ್ಮಕ್ಕನಿಗೆ ಫೋನು ಮಾಡಿ ಅತ್ತೆ.

"ಆಕಿಗೆ ನನ್ನ ಹೆಸರ ಸೈತ ಮರತೈತಿ ಅಕ್ಕಾ."

ಅಕ್ಕ ನಕ್ಕಳು. "ತಮ್ಮಾ, ಲಕ್ವಾ ಆಕಿಗೆ ಹೊಡದೈತೋ ನಿನಗ ಹೊಡದೈತೋ? ಚಲೋ ಇದ್ದಾಗರೆ ಆಕಿ ಎಂದ ನಿನ್ನ ಹೆಸರ ತಗೊಂಡಾಳ? ಮಂದಿ ಮುಂದ ಗಂಡನ ಹೆಸರ ಹೇಳಂತ ಕಾಡಿದ್ರ ಆಕಿ ಏನ್ ಮಾಡಬೇಕು?"

ನಿಜ. ಮದುವೆಯಾದಂದಿನಿಂದ ಆಕೆ ನನ್ನನ್ನು "ರೀ" ಎಂದವಳೇ. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದು ಒಡಪಿನಲ್ಲಿ ಮಾತ್ರ. ಮದುವೆ, ಸೀಮಂತಗಳಲ್ಲಿ ಉಳಿದ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಪೀಡಿಸುತ್ತಾರೆ. ಆಗ ಪ್ರಾಸದ ಎರಡು ಸಾಲಿನ ನಡುವೆ ಹೆಸರು ಸೇರಿಸಿ ಹೇಳಿ ಪಾರಾಗಬೇಕು. ಹುಟ್ಟಿನಿಂದ ನೋಡಿದ ನಾನೇ ಅದನ್ನು ಮರೆತು, ಮರೆವನ್ನು ಆಕೆಯ ಮೇಲೆ ಹೊರಿಸಿದ್ದೆ.

ಮುಂದಿನ ಸಲ ಮೇಡಂಗೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, "ಅಯ್ಯೋ ಸಾರ್, ನಾನು ಮಂಗಳೂರಿನವಳು, ನಂಗೆ ಹೇಗೆ ಗೊತ್ತಾಗ್ಬೇಕು?" ಎಂದು ನಕ್ಕರು. ಆಮೇಲೆ ಒಂದು ವಿಷಯ ಹೇಳಿದರು. ಹೊಸ ಮಾತು ಕಟ್ಟುವುದು ಒಂದು ಕೆಲಸ. ಹಾಡು, ಮಗ್ಗಿ, ಬಾಯಿಪಾಠ ಬೇರೆಯೇ ಕೆಲಸ. ಮೊದಲನೆಯದು ಕೆಟ್ಟವರಲ್ಲೂ ಎರಡನೆಯದು ಎಷ್ಟೋ ಸಲ ಉಳಿದಿರುತ್ತದಂತೆ. "ಒಡಪು ಹೇಳಿಸಿ ನೋಡೋಣ."

"ಕೂಡ್ರಿಸಿ ಕೇಳಿದ್ರ ಹೇಳಂಗಿಲ್ಲ ಮೇಡಂ. ಅಡ್ಡ ನಿಂತು ಕಾಡಬೇಕು."

ಮೇಡಂ ಎದ್ದು ಬಾಗಿಲಿಗೆ ಎರಡೂ ಕೈ ಅಡ್ಡ ಇಟ್ಟು ನಿಂತರು. "ಗಂಡನ ಹೆಸರು ಹೇಳಿದ್ರೆ ಮಾತ್ರ ಮನೆಗೆ ಬಿಡ್ತೀನಿ ಅಮ್ಮ."

ನನ್ನ ಹೆಂಡತಿ ನನ್ನ ತೋಳು ಹಿಡಿದು ನಿಂತಿದ್ದಳು. ಸೊಟ್ಟ ತುಟಿಯ ಒಂದು ತುದಿಯಲ್ಲಿ ನಗು ಕಂಡಿತು. ತೋಳು ಬಿಟ್ಟು ಎಡಗೈಯಿಂದ ಸೆರಗು ಎಳೆದುಕೊಂಡಳು.

"ಪೀಣ್ಯಾದಾಗ ಲೇತು ತಿರಗತೈತಿ ಗರಗರ…"

ತೊದಲಿತ್ತು, ಆದರೆ ರಾಗ ಇತ್ತು. ಮುಂದೆ ನನ್ನ ಹೆಸರು ಬಂತು, ಒಂದಕ್ಷರವೂ ಮುಕ್ಕಾಗದೆ. ಅದರ ಬೆನ್ನಿಗೇ, "…ಮನಿಗೆ ಬಂದ್ರ ನನಗ ಸಡಗರ."

ಮದುವೆಯ ದಿನ ಆಕೆಯೇ ಕಟ್ಟಿದ ಒಡಪು ಅದು. ನಾನು ಫೋನು ಬಂದವನಂತೆ ಹೊರಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ.

ಒಳಗೆ ಬಂದಾಗ ಆಕೆ ನೀರಿನ ಬಾಟಲಿ ತೋರಿಸಿ ಮತ್ತೆ "ಅದು… ಅದು…" ಎನ್ನುತ್ತಿದ್ದಳು. "ಇದು ಬಂತು ಅಂತ ಎಲ್ಲ ಬಂದ್ಬಿಡಲ್ಲ ಸಾರ್," ಎಂದರು ಮೇಡಂ, "ಆದ್ರೆ ಹೋಗೋಕೆ ಒಂದು ದಾರಿ ಸಿಕ್ತು." ಆವತ್ತಿನಿಂದ ಚಿತ್ರಗಳನ್ನು ಪಕ್ಕಕ್ಕಿಟ್ಟು, ಆ ಒಡಪಿನ ಧಾಟಿಯಲ್ಲೇ, ಎಡಗೈಯಿಂದ ತೊಡೆ ತಟ್ಟುತ್ತಾ, "ನೀರು ಕೊಡ್ರೀ," "ಚಾ ಬೇಕ್ರೀ" ಎಂದು ಹೇಳಿಸತೊಡಗಿದರು. ಮನೆಯಲ್ಲಿ ನಾನೂ ಹಾಡಿಯೇ ಉತ್ತರ ಕೊಡಬೇಕು. ನನ್ನ ಕಂಠ ದೇವರಿಗೇ ಪ್ರೀತಿ. ಪಕ್ಕದ ತಮಿಳಿನವಳು ಕಿಟಕಿಯಲ್ಲಿ ಇಣುಕಿ, "ಏನಣ್ಣಾ, ಅಕ್ಕಂಗೆ ಹುಷಾರಾಗ್ಲಿ ಅಂತ ನಾವು ಬೇಡ್ಕೊಂಡ್ರೆ ನೀನು ಹಾಡೋಕೆ ಶುರು ಮಾಡ್ಬಿಟ್ಯಲ್ಲ" ಎಂದಳು. ನನ್ನ ಹೆಂಡತಿ ಅವಳತ್ತ ಬೆರಳು ಮಾಡಿ, ರಾಗವಿಲ್ಲದೆ, ತೊಡೆ ತಟ್ಟದೆ, "ಹೋಗ" ಎಂದಳು. ಲಕ್ವಾ ಆದ ಮೇಲೆ ತಾನಾಗಿ ಆಡಿದ ಮೊದಲ ಮಾತು ಅದು. ಬೈಸಿಕೊಂಡವಳೇ ಓಡಿಬಂದು ತಬ್ಬಿಕೊಂಡಳು.

ಈಗ ನನ್ನಲ್ಲಿರುವುದು ಇಷ್ಟು. ಎರಡು ಕೋಣೆಯ ಒಂದು ಬಾಡಿಗೆ ಮನೆ. ಒಂದು ಹಳೆಯ ಬೈಕು. ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುವ ಒಬ್ಬ ಮಗಳು. ಹೆಂಡತಿ ಒಬ್ಬಳು, ಆಕೆಗೆ ತಿರುಗಿ ಬಂದ ಬಲಗಾಲು ಮುಕ್ಕಾಲು, ಬಲಗೈ ಅರ್ಧ, ಬಿಡಿ ಮಾತು ಐವತ್ತರ ಹತ್ತಿರ, ಪೂರ್ತಿ ವಾಕ್ಯ ನಾಲ್ಕು.